ಪದವಿಯ ಮೋಹವೂ ಕೈಕಸುಬಿನ ಮಾನವೂ

ಕೆಲಸ ದೊರೆಯದ ಪದವೀಧರನಿಗೆ ತಿಂಗಳಿಗೆ 3000 ರೂಪಾಯಿ, ಕೆಲಸ ದೊರೆಯದ ಡಿಪ್ಲೊಮಾದವನಿಗೆ 1500 ರೂಪಾಯಿ ಎಂದು, ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಯಿತ್ತ ಯುವನಿಧಿ ಯೋಜನೆಯಲ್ಲಿ ಗೊತ್ತುಮಾಡಲಾಗಿದೆ. ಎರಡು ವರ್ಷಕಾಲ ಅರ ಹಿಡಿದು ಕಬ್ಬಿಣವನ್ನು ತಿಕ್ಕಿ, ಫಿಟ್ಟರ್ ಎಂದೋ ಎಲೆಕ್ಟ್ರಿಷಿಯನ್ ಎಂದೋ ಪ್ರಮಾಣಪತ್ರ ಪಡೆದು, ಕೆಲಸ ಸಿಗದೆ ಊರಿಗೆ ಮರಳಿದ ಐಟಿಐ ಹುಡುಗನಿಗೆ ಆ ಯೋಜನೆಯಲ್ಲಿ ಸ್ಥಾನವೇ ಇಲ್ಲ. ನಿರುದ್ಯೋಗಿಗೆ ನೆರವಾಗುವುದು ಪ್ರಭುತ್ವದ ಧರ್ಮ. ಕೊಟ್ಟವರಿಗೆ ಏಕೆ ಕೊಟ್ಟಿರಿ ಎಂದು ನಾನು ಕೇಳುವುದಿಲ್ಲ. ಆದರೆ ಪುಸ್ತಕದಿಂದ ಕೈಕೆಲಸದ ಕಡೆಗೆ ಒಂದೊಂದು ಹೆಜ್ಜೆ ಸರಿದಂತೆಲ್ಲ ಮನುಷ್ಯನ ಬೆಲೆಯೂ ಅರ್ಧಕ್ಕೆ ಇಳಿದು ಕಡೆಗೆ ಶೂನ್ಯವಾಗುತ್ತದೆಂಬ ಭಾವನೆ, ಇಷ್ಟು ದಿನ ಹೊಟೇಲಿನ ಬೆಂಚಿನ ಮೇಲೆಯೂ ಮದುವೆಯ ಮಾತುಕತೆಯಲ್ಲಿಯೂ ಮಾತ್ರ ಸುಳಿಯುತ್ತಿದ್ದದ್ದು, ಈಗ ಸರ್ಕಾರಿ ಆದೇಶದ ಅಂಕಿಗಳಾಗಿಯೇ ಅಚ್ಚಾಗಿರುವುದನ್ನು ಕಂಡು ಸುಮ್ಮನಿರುವುದು ಸಾಧ್ಯವಿಲ್ಲ. ಏಕೆಂದರೆ ಈ ಭಾವನೆಯ ಕಹಿಫಲವನ್ನು ಉಣ್ಣುತ್ತಿರುವವರು ರಾಯಚೂರು, ಮಾನ್ವಿ, ದೇವದುರ್ಗಗಳಂಥ ಊರುಗಳಲ್ಲಿ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳು.

ಹತ್ತನೆಯ ತರಗತಿಯಲ್ಲಿಯೋ ಪಿಯುಸಿಯಲ್ಲಿಯೋ ತಡವರಿಸಿದ ಮಗುವನ್ನು ಕಾಲೇಜಿಗೆ ಕಳುಹಿಸಬೇಕೆ, ಕಸುಬಿಗೆ ಹಚ್ಚಬೇಕೆ ಎಂಬ ಪ್ರಶ್ನೆ ಪ್ರತಿವರ್ಷ ಫಲಿತಾಂಶದ ದಿನಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಏಳುತ್ತದೆ, ಎರಡು ವಾರ ಗದ್ದಲವಾಗುತ್ತದೆ, ಬಳಿಕ ಅಡಗುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ತಂದಾಗ, ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೃಪಾಂಕವನ್ನು ಧಾರಾಳವಾಗಿ ಹೆಚ್ಚಿಸಿದ ಮೇಲೆಯೂ 73.40ಕ್ಕೆ ಕುಸಿಯಿತು, ಆ ವರ್ಷ ಯಾದಗಿರಿಯೂ ಮರುವರ್ಷ ಕಲಬುರಗಿಯೂ ಪಟ್ಟಿಯ ತೀರ ಕೊನೆಗೆ ನಿಂತವು. ಫೇಲಾಗುವ ಮಕ್ಕಳಿಗಾಗಿ ನಮ್ಮ ಆಡಳಿತಕ್ಕೆ ತೋಚಿದ ಪರಿಹಾರಗಳೆಂದರೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವುದು ಮತ್ತು, 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದಂತೆ, ತೇರ್ಗಡೆಯ ಗೆರೆಯನ್ನು 35ರಿಂದ 33ಕ್ಕೆ ಇಳಿಸುವುದು. ಗೆರೆಯನ್ನು ಎಲ್ಲಿ ಎಳೆದರೇನು? ಆ ಗೆರೆಯನ್ನು ಹೇಗೋ ದಾಟಿದ ಹುಡುಗನು ಮರುದಿನ ಯಾವ ಬಾಗಿಲಿಗೆ ಹೋಗಿ ನಿಲ್ಲಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಅದನ್ನು ಯಾರೂ ಕೇಳಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓದಿನಲ್ಲಿ ರುಚಿಯೂ ಇಲ್ಲದೆ, ಗುರಿಯೂ ಇಲ್ಲದೆ, ಎಲ್ಲಿಯಾದರೂ ಸೇರಿರಬೇಕಲ್ಲ ಎಂಬ ಒಂದೇ ಕಾರಣಕ್ಕೆ ಮಗನನ್ನು ಪದವಿ ಕಾಲೇಜಿಗೆ ಸೇರಿಸುವುದು ಅವನ ಆಯುಸ್ಸಿನ ಅತ್ಯಂತ ಬಲವಾದ ಮೂರು ನಾಲ್ಕು ವರ್ಷಗಳನ್ನು ಕಸಿದುಕೊಳ್ಳುವ ಅನ್ಯಾಯ. ಅಂಥವನು ಮೊದಲು ಕಸುಬನ್ನು ಕಲಿಯತಕ್ಕದ್ದು. ಹಾಗೆಯೇ, ಅಂಕ ಕಡಿಮೆ ಬಂದುವೆಂಬ ಒಂದೇ ಕಾರಣಕ್ಕೆ ಬಡವರ ಮಗುವನ್ನು ‘ನಿನ್ನ ತಲೆಗೆ ಇಷ್ಟೇ ಸಾಕು’ ಎಂದು ಐಟಿಐಗೆ ದೂಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಕಸುಬಿನ ಶಾಲೆಯನ್ನು ಸೋತವರ ಠಾಣೆಯನ್ನಾಗಿ ಮಾಡಿಟ್ಟಿರುವವರೆಗೆ ಈ ಎರಡು ಅನ್ಯಾಯಗಳೂ ಒಟ್ಟೊಟ್ಟಿಗೆ ನಡೆಯುತ್ತಲೇ ಇರುತ್ತವೆ.

ವಿಶ್ವವಿದ್ಯಾನಿಲಯಕ್ಕಾಗಿ ಈ ನಾಡಿನ ಜನ ಪಡುವ ಹಂಬಲವನ್ನು ಹಗುರಾಗಿ ಕಾಣುವವನು ಇಲ್ಲಿಯ ಚರಿತ್ರೆಯನ್ನು ಅರಿಯದವನು. ನಿಜಾಮರ ಆಳ್ವಿಕೆಯಲ್ಲಿ ಕನ್ನಡದ ಮಗು ಉರ್ದುವಿನ ಬಾಗಿಲಿನಿಂದಲೇ ವಿದ್ಯೆಯೊಳಗೆ ಪ್ರವೇಶಿಸಬೇಕಾಗಿತ್ತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿದ್ದು ಅಂಥ ಕಾಲದಲ್ಲಿ. 2011ರ ಜನಗಣತಿಯಲ್ಲಿ ಕೂಡ, ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟು, ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39ರಲ್ಲಿ ದೇವದುರ್ಗವನ್ನು ಸೇರಿಸಿತು. ರಾಯಚೂರಿಗೆ ಐಐಟಿ ಕೊಡಬೇಕೆಂದೂ ಶಿಫಾರಸು ಮಾಡಿತು. ಆ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ಏಮ್ಸ್ ಆಸ್ಪತ್ರೆಯಾದರೂ ಬರಲೆಂದು 2022ರ ಮೇ ತಿಂಗಳಿನಲ್ಲಿ ರಾಯಚೂರಿನ ಜನ ಧರಣಿ ಕುಳಿತರು. ಆ ಧರಣಿ ಸಾವಿರ ದಿನಗಳನ್ನು ದಾಟಿಯೂ ಮುಂದುವರಿಯಿತು. ಅಷ್ಟು ದೀರ್ಘವಾದ, ಅಷ್ಟು ಶಾಂತವಾದ ಹೋರಾಟ ಈ ರಾಜ್ಯದಲ್ಲಿ ಅಪರೂಪ. ಅದರ ಬೇಡಿಕೆ ನ್ಯಾಯವಾದದ್ದು.

ಆದರೆ ಒಂದು ಮಾತನ್ನು ಆ ಹೋರಾಟದ ಹಿರಿಯರ ಮುಂದೆ ಗೌರವದಿಂದ ಇಡಬೇಕಾಗಿದೆ. ನಮ್ಮ ಎಲ್ಲ ಮನವಿಪತ್ರಗಳಿಗೂ ಆಧಾರವಾಗಿರುವ ಸಂವಿಧಾನದ 371(ಜೆ) ವಿಧಿ, 98ನೆಯ ತಿದ್ದುಪಡಿಯ ಮೂಲಕ ನಮಗೆ ದೊರೆತದ್ದು, ಈ ಪ್ರದೇಶದ ಶಿಕ್ಷಣ ಸಂಸ್ಥೆಗಳ ಜೊತೆಗೆ ವೃತ್ತಿತರಬೇತಿ ಸಂಸ್ಥೆಗಳನ್ನೂ ಹೆಸರಿಸಿ, ಅವೆರಡರಲ್ಲಿಯೂ ಸ್ಥಳೀಯ ವಿದ್ಯಾರ್ಥಿಗಳಿಗೆ ಸ್ಥಾನಗಳನ್ನು ಕಾದಿರಿಸಲು ಅವಕಾಶ ಕೊಟ್ಟಿದೆ. ವಿಧಿಯನ್ನು ರಚಿಸಿದವರಿಗೆ ಕಂಡ ಆ ಎರಡನೆಯ ದಾರಿ ನಮ್ಮ ಸಭೆಗಳ ಠರಾವುಗಳಲ್ಲಿ ಕಾಣುವುದಿಲ್ಲ. ಗುಲ್ಬರ್ಗ ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ರಾಯಚೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದಿದೆ, ಅದಕ್ಕೆ ಈಗ ಆದಿಕವಿ ವಾಲ್ಮೀಕಿಯ ಹೆಸರಿದೆ. 2008ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದಿತು. 2019ರಲ್ಲಿ ಐಐಐಟಿ ಬಂದಿತು. ಇವೆಲ್ಲವೂ ಬೇಕಾದವೇ. ದೇವದುರ್ಗದ ತಾಂಡಾದಲ್ಲಿ ಗಣಿತದಲ್ಲಿ ಎರಡು ಸಲ ಫೇಲಾದ ಹುಡುಗನಿಗೆ ಇವುಗಳಲ್ಲಿ ಯಾವುದೂ ನಾಳೆಯ ಬೆಳಗಿಗೆ ಉತ್ತರವಲ್ಲ. ಮಾನ್ವಿಯ ಐಟಿಐಯಲ್ಲಿ ಬೋಧಕರಿದ್ದಾರೆಯೆ, ಲೇತು ಓಡುತ್ತಿದೆಯೆ, ವೆಲ್ಡಿಂಗ್ ರಾಡು ವರ್ಷಪೂರ್ತಿ ಸಾಲುತ್ತದೆಯೆ ಎಂದು ಕೇಳುವುದಕ್ಕೆ ಒಂದು ದಿನದ ಧರಣಿಯಾದರೂ ನಡೆದದ್ದನ್ನು ನಾನು ಕೇಳಿಲ್ಲ.

ಈಗ ಪದವಿ ಕಾಲೇಜಿನ ಸಂಗತಿಯನ್ನು ನೋಡೋಣ. ಪಿಯುಸಿಯನ್ನು ಮರುಪರೀಕ್ಷೆಯಲ್ಲಿ ಹೇಗೋ ದಾಟಿದ ಹುಡುಗ ಬಿ.ಎ.ಗೆ ಸೇರುತ್ತಾನೆ. ಅವನಿಗೆ ಇತಿಹಾಸ ಬೇಕೆಂದಲ್ಲ, ರಾಜ್ಯಶಾಸ್ತ್ರ ಬೇಕೆಂದಲ್ಲ. ಆ ಸೀಟು ಎಲ್ಲರಿಗೂ ಸಿಗುತ್ತದೆಂಬುದಷ್ಟೇ ಕಾರಣ. ರಾಜ್ಯದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಬೋಧನೆ ನಡೆಯುತ್ತಿರುವುದೇ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಭುಜದ ಮೇಲೆ; ಸೇವಾಭದ್ರತೆಯಿಲ್ಲದ ಆ ಉಪನ್ಯಾಸಕರು 2023ರ ಕೊನೆಯಲ್ಲಿ ಮುಷ್ಕರ ಹೂಡಿದಾಗ ವಾರಗಟ್ಟಲೆ ಪಾಠಗಳು ನಿಂತುಹೋದವು. 2021ರಲ್ಲಿ ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ್ದಾಯಿತು. ನೆರೆಯ ಕೊಪ್ಪಳದ ಹೊಸ ವಿಶ್ವವಿದ್ಯಾನಿಲಯವೂ ಸೇರಿದಂತೆ ಒಂಬತ್ತನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿಯೇ 2025ರ ಫೆಬ್ರುವರಿಯಲ್ಲಿ ಅಭಿಪ್ರಾಯಪಟ್ಟಿತು. ಹೀಗೆ ನೆಲವೇ ಅಲುಗಾಡುತ್ತಿರುವ ಮನೆಯೊಳಗೆ, ಮೊದಲೇ ಕಾಲು ನಿಲ್ಲದ ಹುಡುಗನನ್ನು ನಾವು ಕಳುಹಿಸುತ್ತಿದ್ದೇವೆ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷು ಉಳಿಯುತ್ತದೆ, ಮೂರನೆಯದರಲ್ಲಿ ಅರ್ಥಶಾಸ್ತ್ರ ಉಳಿಯುತ್ತದೆ. ‘ಎರಡು ಸಬ್ಜೆಕ್ಟ್ ಉಳಿದಾವ’ ಎಂಬ ಮಾತು ರಾಯಚೂರಿನ ಬಾಡಿಗೆ ಕೋಣೆಗಳಲ್ಲಿ ಇಪ್ಪತ್ತನಾಲ್ಕು ವರ್ಷದ ಯುವಕರ ಬಾಯಿಯಿಂದ ಕೇಳಿಬರುತ್ತದೆ.

ಆ ಕೋಣೆಗಳ ಮಾತು ಬಂದಿತಾದ್ದರಿಂದ ಅದನ್ನೂ ಹೇಳಿಬಿಡಬೇಕು. ಪದವಿ ಮುಗಿದವನು ಊರಿಗೆ ಹೋಗಲಾರ. ಊರಲ್ಲಿ ಹತ್ತಿ ಬಿಡಿಸುವುದಕ್ಕಾಗಲಿ ಗದ್ದೆಗೆ ಇಳಿಯುವುದಕ್ಕಾಗಲಿ ಅವನ ಪದವಿ ಅಡ್ಡ ಬರುತ್ತದೆ. ಆದ್ದರಿಂದ ನಗರದಲ್ಲಿ ಒಂದು ಕೋಣೆಯನ್ನು ನಾಲ್ವರು ಹಂಚಿಕೊಂಡು, ಸ್ಟವ್ವಿನ ಮೇಲೆ ಅನ್ನ ಬೇಯಿಸಿಕೊಂಡು, ಗ್ರಂಥಾಲಯದ ಕುರ್ಚಿಗಾಗಿ ಬೆಳಿಗ್ಗೆಯೇ ಚೀಲ ಇಟ್ಟು, ಪಿಎಸ್‌ಐ, ಎಫ್‌ಡಿಎ, ಕಾನ್‌ಸ್ಟೆಬಲ್ ಎಂದು ಅರ್ಜಿ ಹಾಕುತ್ತ ಕುಳಿತಿರುತ್ತಾನೆ. ಅಧಿಸೂಚನೆ ವರ್ಷಗಟ್ಟಲೆ ಬರುವುದಿಲ್ಲ. ಬಂದರೆ, 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಆದಂತೆ, ಕಲಬುರಗಿಯ ಪರೀಕ್ಷಾ ಕೇಂದ್ರದಿಂದಲೇ ಅಕ್ರಮ ಬಯಲಾಗಿ 2022ರಲ್ಲಿ ಇಡೀ ನೇಮಕಾತಿ ರದ್ದಾಗುತ್ತದೆ. ಗುಳೆ ಹೋದ ತಂದೆತಾಯಿ ಬೆಂಗಳೂರಿನ ಕಟ್ಟಡದ ಕೆಲಸದಿಂದ ಕಳುಹಿಸಿದ ಹಣದಲ್ಲಿ ಆ ಕೋಣೆಯ ಬಾಡಿಗೆ ಸಲ್ಲುತ್ತದೆ. ಪ್ರಾಮಾಣಿಕವಾಗಿ ಓದಿ ಗೆಲ್ಲುವವರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಓದೇ ಹಿಡಿಸದವನನ್ನು ಓದಿನ ಅತ್ಯಂತ ಕಠಿಣ ಸ್ಪರ್ಧೆಗೆ ಇಳಿಸಿ, ಅವನು ಸೋತಾಗ ಅವನನ್ನೇ ಹಳಿಯುವುದು ಯಾವ ನ್ಯಾಯ?

ಇಲ್ಲಿ ಬಲವಾದ ಒಂದು ಆಕ್ಷೇಪಣೆ ಇದೆ. ಅದನ್ನು ಎತ್ತುವವರು ದಲಿತ, ನಾಯಕ, ಲಂಬಾಣಿ ಸಮುದಾಯಗಳ ವಿದ್ಯಾವಂತರು, ಅದನ್ನು ಕಡೆಗಣಿಸಿ ಬರೆಯುವ ಹಕ್ಕು ನನಗಿಲ್ಲ. ‘ನೂರಾರು ವರ್ಷ ನಮ್ಮ ಕೈಗಳಿಂದ ಕೆಲಸವನ್ನೇ ಮಾಡಿಸಿಕೊಂಡಿರಿ, ಈಗ ಒಂದು ತಲೆಮಾರು ಪುಸ್ತಕ ಹಿಡಿದ ಕೂಡಲೆ ಕೈಕಸುಬಿನ ಮಹಿಮೆಯನ್ನು ಹೇಳಲು ಬರುತ್ತೀರಿ, ನಿಮ್ಮ ಮಕ್ಕಳನ್ನು ಐಟಿಐಗೆ ಕಳುಹಿಸುತ್ತೀರಾ?’ ಎಂದು ಅವರು ಕೇಳುತ್ತಾರೆ. 1953ರಲ್ಲಿ ಮದರಾಸಿನಲ್ಲಿ ರಾಜಾಜಿಯವರು ಅರ್ಧದಿನ ಶಾಲೆ, ಅರ್ಧದಿನ ಮನೆಯ ಕಸುಬು ಎಂಬ ಪ್ರಾಥಮಿಕ ಶಿಕ್ಷಣದ ಯೋಜನೆಯನ್ನು ತಂದಾಗ, ಇದು ಕುಲಕಸುಬನ್ನು ಶಾಶ್ವತಗೊಳಿಸುವ ಉಪಾಯವೆಂದು ಜನ ಎದ್ದುನಿಂತರು. ಮರುವರ್ಷ ಅವರು ಮುಖ್ಯಮಂತ್ರಿಯ ಸ್ಥಾನವನ್ನು ಬಿಡಬೇಕಾಯಿತು. ಆ ಜನ ಎದ್ದುನಿಂತದ್ದು ಸರಿಯಾಗಿತ್ತು. ತಂದೆಯ ಕಸುಬನ್ನೇ ಮಗನಿಗೆ ಪಾಠವಾಗಿ ಇಡುವ ವ್ಯವಸ್ಥೆ ಶಿಕ್ಷಣವೆನಿಸದು.

ಆದರೆ ಎಲೆಕ್ಟ್ರಿಷಿಯನ್ ಯಾವ ಜಾತಿಯ ಕುಲಕಸುಬು? ಟರ್ನರ್, ರೆಫ್ರಿಜರೇಷನ್ ಮೆಕ್ಯಾನಿಕ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಎಂಬ ವೃತ್ತಿಗಳು ಯಾವ ಕೇರಿಯ ಸೊತ್ತು? ಇವು ಯಾರ ಹುಟ್ಟಿಗೂ ಅಂಟಿಕೊಳ್ಳದ ವಿದ್ಯೆಗಳು. ಜಾತಿಯ ಹಗೆ ಅಂಟಿಕೊಂಡಿರುವುದು ಕಸುಬಿಗಲ್ಲ, ‘ಫೇಲಾದವರು ಮಾತ್ರ ಇಲ್ಲಿಗೆ ಬರತಕ್ಕದ್ದು’ ಎಂಬ ನಮ್ಮ ಏರ್ಪಾಡಿಗೆ. ಆ ಏರ್ಪಾಡನ್ನು ಮುರಿಯುವವರೆಗೆ ಆಕ್ಷೇಪಣೆ ನಿಂತೇ ಇರುತ್ತದೆ. ಆದುದರಿಂದ ‘ನಿಮ್ಮ ಮಕ್ಕಳನ್ನು ಕಳುಹಿಸುತ್ತೀರಾ’ ಎಂಬ ಪ್ರಶ್ನೆಗೆ ಪ್ರಾಧ್ಯಾಪಕರೂ ಅಧಿಕಾರಿಗಳೂ ವ್ಯಾಪಾರಸ್ಥರೂ ನಿಜವಾದ ಉತ್ತರವನ್ನು ಕೊಡಲೇಬೇಕು. ರಾಯಚೂರು ನಗರದ ಉಳ್ಳವರ ಮನೆಗಳಲ್ಲಿಯೂ ಓದು ಹತ್ತದ ಮಕ್ಕಳಿದ್ದಾರೆ. ಲಕ್ಷಗಟ್ಟಲೆ ಡೊನೇಷನ್ ಕೊಟ್ಟು ಅವರನ್ನು ದೂರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೂಡಿಸುವುದನ್ನು ನಿಲ್ಲಿಸಿ, ಐಟಿಐಗೆ, ಪಾಲಿಟೆಕ್ನಿಕ್ಕಿಗೆ ಕಳುಹಿಸಿದ ದಿನ ಆ ಸಂಸ್ಥೆಗಳ ಛಾವಣಿ ಸೋರುವುದು ನಿಲ್ಲುತ್ತದೆ.

ಅಲ್ಲದೆ ಈ ಮಕ್ಕಳು ಓದಿನಲ್ಲಿ ಏಕೆ ಸೋಲುತ್ತಾರೆ? ದಡ್ಡತನದಿಂದ ಎಂದು ಹೇಳುವವರು ದೇವದುರ್ಗದ ಹಳ್ಳಿಯ ಶಾಲೆಯನ್ನು ಹತ್ತಿ ಬಿಡಿಸುವ ಕಾಲದಲ್ಲಿ ಹೋಗಿ ನೋಡಬೇಕು. ಹಾಜರಿಪುಸ್ತಕದಲ್ಲಿರುವ ಹೆಸರುಗಳು ಹೊಲದಲ್ಲಿರುತ್ತವೆ. ದೊಡ್ಡವರು ಗುಳೆ ಹೋದಾಗ ಅಜ್ಜಿಯ ಜೊತೆಗೆ ಉಳಿದ ಮಗು ತಮ್ಮತಂಗಿಯರನ್ನು ನೋಡಿಕೊಳ್ಳುತ್ತಿರುತ್ತದೆ. ಗಣಿತಕ್ಕೆ, ಇಂಗ್ಲಿಷಿಗೆ ಕಾಯಂ ಶಿಕ್ಷಕರೇ ಇಲ್ಲದ ಶಾಲೆಗಳಿವೆ. ಕಲಿಸದೆ ಪರೀಕ್ಷಿಸಿ, ಆ ಪರೀಕ್ಷೆಯ ಅಂಕದ ಮೇಲೆ ‘ನೀನು ಕೈಕೆಲಸಕ್ಕೇ ಲಾಯಕ್ಕು’ ಎಂದು ತೀರ್ಪು ಕೊಡುವುದು ಸುಳ್ಳು ಸಾಕ್ಷ್ಯದ ಮೇಲೆ ಶಿಕ್ಷೆ ವಿಧಿಸಿದಂತೆ. ಕಸುಬು ಬೇಕೆ, ಕಾಲೇಜು ಬೇಕೆ ಎಂಬುದನ್ನು ಅಂಕ ನಿರ್ಧರಿಸಕೂಡದು. ಗಣಿತದಲ್ಲಿ ಇಪ್ಪತ್ತು ಅಂಕ ತೆಗೆದರೂ ಸಿಕ್ಕ ಪುಸ್ತಕವನ್ನೆಲ್ಲ ಓದುವ ಹುಡುಗಿ ಬಿ.ಎ.ಗೇ ಹೋಗಬೇಕು, ಅವಳನ್ನು ತಡೆಯುವವರು ಪಾಪಿಗಳು. ಎಂಬತ್ತು ಅಂಕ ಬಂದರೂ ಮನೆಯ ಮಿಕ್ಸಿಯನ್ನು ಬಿಚ್ಚಿ ಜೋಡಿಸುವುದರಲ್ಲಿಯೇ ಜೀವವಿಟ್ಟುಕೊಂಡ ಹುಡುಗ ಐಟಿಐಗೆ ಹೋದರೆ ತಪ್ಪೇನು?

ಮಾನ್ವಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಒಂದು ಸಣ್ಣ ಅಂಗಡಿಯ ಮುಂದೆ ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ವೋಲ್ಟೇಜಿನ ಏರಿಳಿತದಿಂದ ಸುಟ್ಟ ಪಂಪ್‌ಸೆಟ್ಟಿನ ಮೋಟರನ್ನು ಬಿಚ್ಚಿ, ಕರಕಾದ ತಾಮ್ರದ ತಂತಿಯನ್ನು ಸ್ಲಾಟುಗಳಿಂದ ಕಿತ್ತು, ಸುತ್ತುಗಳನ್ನು ಎಣಿಸಿ ಬರೆದುಕೊಂಡು, ತಂತಿಯ ಗೇಜನ್ನು ಅಳೆದು, ಒಂದೊಂದು ಸ್ಲಾಟಿಗೂ ಇನ್ಸುಲೇಷನ್ ಕಾಗದವನ್ನು ಮಡಚಿ ಇಳಿಸಿ, ಹೊಸ ಕಾಯಿಲನ್ನು ಬೆರಳ ತುದಿಯಿಂದ ಕೂಡಿಸುತ್ತಿದ್ದ ಯುವಕನ ಏಕಾಗ್ರತೆ ಯಾವ ಪಂಡಿತನ ಏಕಾಗ್ರತೆಗೂ ಕಡಿಮೆಯದಾಗಿರಲಿಲ್ಲ. ಒಂದು ಜೋಡಣೆ ತಪ್ಪಿದರೆ ಮೋಟರು ಗುಂಯ್‌ಗುಟ್ಟಿ ನಿಲ್ಲುತ್ತದೆ, ರೈತನ ಒಂದು ವಾರದ ನೀರು ಹೋಗುತ್ತದೆ. ಶಾಲೆಯ ವಿಷಯ ಕೇಳಿದಾಗ ಅವನು ತಲೆ ಎತ್ತದೆಯೇ, ‘ಸಾಲಿಯಾಗ ಲೆಕ್ಕ ಬರ್ತಿದ್ದಿಲ್ಲರಿ, ಇಲ್ಲಿ ಲೆಕ್ಕ ತಪ್ಪಿದ್ರ ಮೋಟರ್ ಸುಡ್ತದ’ ಎಂದ. ಕಪ್ಪುಹಲಗೆಯ ಮೇಲೆ ಅವನಿಗೆ ಹತ್ತದಿದ್ದ ಗಣಿತ ತಂತಿಯ ಸುತ್ತುಗಳಲ್ಲಿ ಹತ್ತಿದೆ. ಅವನು ಆ ವಿದ್ಯೆಯನ್ನು ಕಲಿತದ್ದು ಯಾವ ಸರ್ಕಾರಿ ಸಂಸ್ಥೆಯಲ್ಲಿಯೂ ಅಲ್ಲ, ಮತ್ತೊಬ್ಬ ಮಿಸ್ತ್ರಿಯ ಕೈಕೆಳಗೆ, ಪ್ರಮಾಣಪತ್ರವಿಲ್ಲದೆ, ಹಲವು ವರ್ಷ ಹೊಟ್ಟೆಪಾಡಿನ ಕೂಲಿಗೆ. ಅಂಥವನಿಗೆ ಪ್ರಮಾಣಪತ್ರದ ಜೊತೆಗೆ ವಿದ್ಯುತ್ತಿನ ಸಿದ್ಧಾಂತವೂ ಸಿಕ್ಕಿದ್ದರೆ ಇಂದು ಅವನು ಎಲ್ಲಿರುತ್ತಿದ್ದ!

2024ರ ಆಗಸ್ಟ್ 10ರ ರಾತ್ರಿಯನ್ನು ಮಾನ್ವಿಯ ರೈತರು ಮರೆತಿರಲಾರರು. ತುಂಬಿನಿಂತಿದ್ದ ತುಂಗಭದ್ರಾ ಜಲಾಶಯದ 19ನೆಯ ಗೇಟು, ಸರಪಳಿ ಕಡಿದು, ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಕೆಳಭಾಗದ ಭತ್ತದ ಗದ್ದೆಗಳಿಗೆ ಬರಬೇಕಾಗಿದ್ದ ನೀರು ಹಗಲಿರುಳು ನದಿಗೆ ಹರಿದುಹೋಗುತ್ತಿದ್ದಾಗ, ವೃದ್ಧ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಸಿದ್ಧಪಡಿಸಿ, ಭೋರ್ಗರೆಯುವ ನೀರಿನ ನಡುವೆಯೇ ಒಂದರ ಮೇಲೊಂದರಂತೆ ಇಳಿಸಿ, ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು. ಇಂಜಿನಿಯರನ ಲೆಕ್ಕವಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ. ವೆಲ್ಡರನ ಕೈಯಿಲ್ಲದೆಯೂ, ಕ್ರೇನಿನವನ ಕಣ್ಣಿಲ್ಲದೆಯೂ ಆಗುತ್ತಿರಲಿಲ್ಲ. ಆ ಬಳಿಕ ಜಲಾಶಯದ 33 ಗೇಟುಗಳನ್ನೂ ಬದಲಿಸಬೇಕೆಂದು ನಿರ್ಧಾರವಾಯಿತು. ಈ ನಾಡಿನ ಅನ್ನ ಉಕ್ಕಿನ ಬೆಸುಗೆಯ ಮೇಲೆ ನಿಂತಿದೆಯೆಂದು ಕಣ್ಣಾರೆ ಕಂಡ ಮೇಲೆಯೂ ವೆಲ್ಡರನ ತರಬೇತಿಯನ್ನು ಫೇಲಾದವರ ಪಾಲಿಗೆ ಬಿಡುವುದಾದರೆ ನಮ್ಮ ವಿವೇಕಕ್ಕೆ ಏನೆನ್ನಬೇಕು!

ಕೆಲಸ ಎಲ್ಲಿದೆ ಎಂದು ಕೇಳುವವರಿದ್ದಾರೆ. ಶಕ್ತಿನಗರದಲ್ಲಿ ಎಂಟು ಘಟಕಗಳ 1720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರವಿದೆ, ಯರಮರಸಿನಲ್ಲಿ 1600 ಮೆಗಾವಾಟಿನದಿದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ರಾಯಚೂರು, ಮಾನ್ವಿ, ಸಿಂಧನೂರುಗಳ ಅಕ್ಕಿ ಗಿರಣಿಗಳಲ್ಲಿ ಬಾಯ್ಲರು, ಡ್ರೈಯರು, ಸಾರ್ಟೆಕ್ಸ್ ಯಂತ್ರಗಳಿವೆ. ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ, 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, ಮೂವತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಉದ್ಯಮವೂ ತನ್ನ ಸಿಬ್ಬಂದಿಯ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಜಿಲ್ಲೆಯ ಎಷ್ಟು ಗಿರಣಿಗಳು ಆ ನಿಯಮವನ್ನು ಪಾಲಿಸುತ್ತಿವೆ, ಎಷ್ಟು ಮಂದಿ ದೇವದುರ್ಗದವರು, ಎಷ್ಟು ಮಂದಿ ಮಾನ್ವಿಯವರು ಎಂಬ ಪಟ್ಟಿಯನ್ನು ಜಿಲ್ಲಾಡಳಿತವು ಪ್ರತಿವರ್ಷ ಪ್ರಕಟಿಸಲಿ. ಕಾಯಿದೆ ಇದೆ, ಕಾರ್ಖಾನೆ ಇದೆ, ಹುಡುಗನೂ ಇದ್ದಾನೆ. ಈ ಮೂರನ್ನು ಸೇರಿಸುವ ಸಂಕಲ್ಪವೊಂದಿಲ್ಲ.

ಕಸುಬಿನ ಶಾಲೆಗಳ ಈಗಿನ ಸ್ಥಿತಿಯನ್ನು ನಾನು ಹೊಗಳಲಾರೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಿಂದ, ಸುಮಾರು 4700 ಕೋಟಿ ರೂಪಾಯಿಯ ಯೋಜನೆಯಲ್ಲಿ ಮೇಲ್ದರ್ಜೆಗೇರಿಸಿದ್ದನ್ನು 2022ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ರೋಬಾಟು, ಸಿಎನ್‌ಸಿ ಯಂತ್ರಗಳು ಬಂದವು. ಯಂತ್ರ ಬರುವುದು ಸುಲಭ; ಅದನ್ನು ಬಿಡಿಭಾಗ ಸವೆದ ಮೇಲೂ ಓಡಿಸುವ ಬೋಧಕ ಬರುವುದು ಕಷ್ಟ. ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಕಹಿಯಾದ ಅನುಭವವೂ ಉಂಟು. ಕೊಠಾರಿ ಆಯೋಗದ ಆಶಯದಂತೆ ಎಪ್ಪತ್ತರ ದಶಕದ ಕೊನೆಯಲ್ಲಿ ಪದವಿಪೂರ್ವ ಕಾಲೇಜುಗಳಲ್ಲಿ ಜೆಒಸಿ ಎಂಬ ವೃತ್ತಿಶಿಕ್ಷಣವನ್ನು ಆರಂಭಿಸಿದ ಕರ್ನಾಟಕ, ಉಪನ್ಯಾಸಕರಿಗೆ ಕಾಯಂ ನೇಮಕ ಕೊಡದೆ, ಮಕ್ಕಳಿಗೆ ಮುಂದಿನ ದಾರಿ ತೋರಿಸದೆ ಮೂರು ದಶಕ ತಳ್ಳಿ, ಸುಧಾರಿಸುವುದರ ಬದಲು ಮುಚ್ಚಿಬಿಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ನಡತೆ ಇದಕ್ಕೆ ತೀರ ಬೇರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ದೇಶದ ಅತಿ ದೊಡ್ಡ ಇಂಜಿನಿಯರ್ ಕೈಕಸುಬನ್ನು ಕೀಳೆಂದು ಎಣಿಸಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಹೆಚ್ಚು ಎಚ್ಚರಿಕೆಯಿಂದ ಮಾತನಾಡಬೇಕು. ದೇವದುರ್ಗದ ಹುಡುಗಿಗೆ ಪದವಿ ಕಾಲೇಜು ಕೇವಲ ಪದವಿಯಲ್ಲ. ಅದು ಮದುವೆಯನ್ನು ಮೂರು ವರ್ಷ ಮುಂದೂಡುವ, ಬಸ್ಸು ಹತ್ತಿ ಪೇಟೆಗೆ ಹೋಗುವ, ಗೆಳತಿಯರ ಜೊತೆ ತನ್ನ ಮನಸ್ಸಿನ ಮಾತನ್ನಾಡುವ ಪರವಾನಗಿ. ಅಂಕ ಕಡಿಮೆ ಬಂದರೂ ಅವಳು ಕಾಲೇಜಿನಲ್ಲಿರಲಿ ಎಂದೇ ನಾನು ಹೇಳುತ್ತೇನೆ, ಅವಳಿಗೆ ಸಮಾನವಾದ ಬೇರೆ ದಾರಿಯನ್ನು ನಾವು ಕಟ್ಟಿಕೊಡುವವರೆಗೆ. ಆ ದಾರಿಯೆಂದರೆ ಐಟಿಐಯ ಆವರಣದಲ್ಲಿಯೇ ಸುರಕ್ಷಿತವಾದ ಹಾಸ್ಟೆಲು, ಹೊಲಿಗೆಯೊಂದಕ್ಕೇ ಸೀಮಿತವಾಗದ ವೃತ್ತಿಗಳು, ಕಲಿಸುವುದಕ್ಕೆ ಮಹಿಳಾ ಬೋಧಕರು. ಇವಿಲ್ಲದೆ ಹೆಣ್ಣುಮಗಳಿಗೆ ಕಸುಬಿನ ಉಪದೇಶ ಮಾಡುವುದೆಂದರೆ ಅವಳನ್ನು ಮದುವೆಯ ಮಂಟಪಕ್ಕೆ ಬೇಗ ದೂಡುವುದೇ.

ಕಸುಬಿಗೆ ಹೋದವನ ಪಾಲಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತೆಂಬ ಭಯವೇ ತಂದೆತಾಯಿಗಳನ್ನು ಹೆಚ್ಚಾಗಿ ಕಾಡುವುದು. ಅದು ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವನಿಗೆ ಡಿಸಿಇಟಿ ಪರೀಕ್ಷೆಯ ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷದ ಬಾಗಿಲು ತೆರೆದಿದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿಯ ಜೊತೆಗೆ ಐಟಿಐ ಇದ್ದವನು ಅರ್ಜಿ ಹಾಕಬಹುದು, ಬರಿಯ ಬಿ.ಎ. ಆದವನು ಹಾಕಲಾರ. ಈ ಮಾತುಗಳನ್ನು ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಹೇಳುವವರಿಲ್ಲ. ಜರ್ಮನಿಯಲ್ಲಿ ಹುಡುಗನು ವಾರದ ಕೆಲವು ದಿನ ಕಾರ್ಖಾನೆಯಲ್ಲಿ ಸಂಬಳ ಪಡೆದು ಕಲಿಯುತ್ತಾನೆ, ಉಳಿದ ದಿನ ವೃತ್ತಿಶಾಲೆಗೆ ಹೋಗುತ್ತಾನೆ. ಅಲ್ಲಿ ಅದಕ್ಕೆ 1969ರಿಂದ ರಾಷ್ಟ್ರೀಯ ಕಾಯಿದೆಯಿದೆ, ಸಮಾಜದಲ್ಲಿ ಮಾನವಿದೆ. ಆದರೆ ಹತ್ತು ವರ್ಷದ ಮಗುವನ್ನೇ ಅಂಕ ನೋಡಿ ಬೇರೆ ಬೇರೆ ಶಾಲೆಗಳಿಗೆ ಹಂಚುವ ಅಲ್ಲಿಯ ಪದ್ಧತಿ ನಮಗೆ ಬೇಡ. ಜಾತಿ ಒಮ್ಮೆ ಹಂಚಿದ ಮಕ್ಕಳನ್ನು ಶಾಲೆ ಮತ್ತೊಮ್ಮೆ ಹಂಚಬಾರದು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರವು ವರ್ಷಕ್ಕೆ 5000 ಕೋಟಿ ರೂಪಾಯಿಯನ್ನು ಘೋಷಿಸಿದೆ. ಅದರಲ್ಲಿ ರಸ್ತೆಗೆ, ಸಮುದಾಯ ಭವನಕ್ಕೆ ಹೋಗುವ ಹಣದ ಒಂದು ಅಂಶವನ್ನು ದೇವದುರ್ಗ, ಮಾನ್ವಿಗಳ ಐಟಿಐಗಳ ಕಾಯಂ ಬೋಧಕರಿಗೆ, ಹಾಸ್ಟೆಲಿಗೆ, ಕಚ್ಚಾ ಸಾಮಗ್ರಿಗೆ ಹೆಸರಿಸಿ ಇಡಲಿ. ಯುವನಿಧಿಯ ಪಟ್ಟಿಯಲ್ಲಿ ಐಟಿಐ ಮುಗಿಸಿದವನ ಹೆಸರನ್ನೂ ಸೇರಿಸಲಿ. ಏಮ್ಸ್ ಹೋರಾಟದ ಹಿರಿಯರು ತಮ್ಮ ಮುಂದಿನ ಮನವಿಪತ್ರದಲ್ಲಿ ಈ ಎರಡು ಸಾಲುಗಳನ್ನು ಬರೆದರೆ, ಆಸ್ಪತ್ರೆಯ ಬೇಡಿಕೆಗೆ ಕೊರತೆಯಾಗುವುದಿಲ್ಲ, ಹಳ್ಳಿಯ ಬೆಂಬಲ ಹೆಚ್ಚುತ್ತದೆ.

‘ಡಿಗ್ರಿ ಮಾಡ್ಲಿಕತ್ತಾನ ಅಂದ್ರ ಹೆಣ್ಣು ಕೊಡ್ತಾರ, ಐಟಿಐ ಅಂದ್ರ ಫೇಲಾದವ ಅಂತಾರ’ ಎಂದು ಹೇಳುವ ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ಈ ಸಲ ಫಲಿತಾಂಶ ಬಂದ ಮೇಲೆ, ಕಾಲೇಜಿನ ಅರ್ಜಿಯನ್ನು ತುಂಬುವ ಮುನ್ನ, ಮಗನನ್ನೋ ಮಗಳನ್ನೋ ಕರೆದುಕೊಂಡು ನಿಮ್ಮ ತಾಲ್ಲೂಕಿನ ಐಟಿಐಯ ಕಾರ್ಯಾಗಾರದೊಳಗೆ ಒಂದು ಹಗಲು ನಿಲ್ಲಿ. ಮಗುವಿನ ಕಣ್ಣು ಎಲ್ಲಿ ನಿಲ್ಲುತ್ತದೆಂಬುದನ್ನು ನೋಡಿ. ಬೋಧಕರು ಎಷ್ಟು ಮಂದಿ, ಹೋದ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಯಾವ ಯಂತ್ರ ಕೆಟ್ಟು ಎಷ್ಟು ದಿನವಾಯಿತು ಎಂದು ಪ್ರಾಚಾರ್ಯರನ್ನು ಕೇಳಿ. ಉತ್ತರ ಸರಿಬಾರದಿದ್ದರೆ ನಾಲ್ಕು ಜನ ಸೇರಿ ತಹಶೀಲ್ದಾರರಿಗೆ, ಶಾಸಕರಿಗೆ ಬರೆದು ಕೊಡಿ.